ಮಾಳಿಗೆಯ ಬಿಸಿಲು

"ಬುದ್ಧಿ, ಹಳೆಯದು ಹೋದಾಗ ಈ ಸಂಕಟ ನನಗೊಬ್ಬನಿಗೇ ಯಾಕೆ?" ಎಂದು ಶಿಷ್ಯ ಕೇಳಿದ.

ಅವನು ಮಠದ ದಾಸೋಹದಲ್ಲಿ ಅಡುಗೆ ಮಾಡುವವನು. ಇಪ್ಪತ್ತೆರಡು ವರ್ಷ ಸೌದೆ ಒಲೆಯ ಮುಂದೆ ನಿಂತವನು. ಆ ತಿಂಗಳು ಒಲೆಗಳನ್ನು ಕೆಡವಿ, ಬಿಸಿಲಿನಿಂದ ಹಬೆ ಎಬ್ಬಿಸಿ ಅನ್ನ ಬೇಯಿಸುವ ಯಂತ್ರ ಕೂರಿಸಿದ್ದರು. ಹೊಗೆಯಿಲ್ಲ, ಮಸಿಯಿಲ್ಲ. ಎಲ್ಲರೂ ಒಳ್ಳೆಯದಾಯಿತು ಅಂದರು. ಇವನು ಮಾತ್ರ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಟ್ಯಾಕ್ಸಿಯವನಿದ್ದ. ಅವನದೊಂದು ಬಿಳಿ ಡೀಸೆಲ್ ಕಾರು. ಹತ್ತೊಂಬತ್ತು ವರ್ಷ ಅದನ್ನು ಓಡಿಸಿದ. ಮದುವೆಯಾದ ಜೋಡಿಗಳನ್ನು ಮನೆ ತುಂಬಿಸಿದ. ಆಸ್ಪತ್ರೆಗೆ ಹೊರಟ ಬಸುರಿಯೊಬ್ಬಳು ಅದರ ಹಿಂದಿನ ಸೀಟಿನಲ್ಲೇ ಹೆತ್ತಿದ್ದಳು. ಆಗ ಹುಟ್ಟಿದ ಹುಡುಗ ಈಗ ಕಾಲೇಜಿಗೆ ಹೋಗುತ್ತಿದ್ದ. ದಾರಿಯಲ್ಲಿ ಕಾರು ಕಂಡರೆ ನಿಂತು ಬಾನೆಟ್ಟನ್ನು ಒಂದು ಸಲ ಮುಟ್ಟಿ ಹೋಗುತ್ತಿದ್ದ.

ಅದರ ಸದ್ದಿಗೆ ಬೀದಿಯೇ ಪಳಗಿತ್ತು. ಬೆಳಗಿನ ಜಾವ ಅವನು ಹೀಟರ್ ಹಾಕಿ, ಹತ್ತು ಎಣಿಸಿ, ಕೀಲಿ ತಿರುಗಿಸುತ್ತಿದ್ದ. ಕಾರು ಮೊದಲು ಕೆಮ್ಮುತ್ತಿತ್ತು, ಆಮೇಲೆ ಗುಡುಗುತ್ತಿತ್ತು. ಅದು ಗುಡುಗಿದರೆ ಹೂವು ಮಾರುವವಳು ಏಳುತ್ತಿದ್ದಳು, ಹಾಲಿನವನು ಸೈಕಲ್ಲು ಹತ್ತುತ್ತಿದ್ದ. ರಿಪೇರಿಗೆ ಒಬ್ಬ ಸಾಬರಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡು ನಿಮಿಷ ಕೇಳಿ, "ಮೂರನೆಯ ಸಿಲಿಂಡರಿಗೆ ನೆಗಡಿಯಾಗಿದೆ, ನಾಳೆ ಬಾ" ಅನ್ನುತ್ತಿದ್ದರು. ಸಾಬರು ತೀರಿಕೊಂಡ ಮೇಲೆ ಕಾರಿಗೂ ಮುಪ್ಪು ಹಿಡಿಯಿತು.

ಒಂದು ವರ್ಷ ಅದು ಎಫ್‌ಸಿಯಲ್ಲಿ ಪಾಸಾಗಲಿಲ್ಲ. ಗಾಡಿ ತಪಾಸಣೆಯವರು ಹೊಗೆ ನೋಡಿ ವಾಪಸ್ ಕಳಿಸಿದರು. ಇಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸಿದರೆ ಇನ್ನೂ ಕೆಲವು ವರ್ಷ ಎಳೆಯಬಹುದು ಎಂಬ ಆಸೆ ಟ್ಯಾಕ್ಸಿಯವನಿಗೆ. ಅವನ ಹೆಂಡತಿಯ ತಮ್ಮ ಮನೆಗಳ ಮೇಲೆ ಸೋಲಾರ್ ಪ್ಲೇಟು ಕೂರಿಸುವ ಕೆಲಸದವನು. ಅವನು ಬಿಡಲಿಲ್ಲ.

"ಭಾವ, ನಿಮ್ಮ ಹಿಂದೆ ಬರುವವರು ಹಾಡಹಗಲಲ್ಲೇ ಲೈಟು ಹಾಕುತ್ತಾರೆ. ಸಾಕು ಮಾಡಿ. ಕರೆಂಟ್ ಕಾರು ತಗೊಳ್ಳಿ, ಮಾಳಿಗೆ ಮೇಲೆ ನಾನು ಪ್ಲೇಟು ಹಾಕಿಕೊಡುತ್ತೇನೆ. ನಿಮ್ಮೂರಲ್ಲಿ ಬಿಸಿಲಿಗೇನು ಕಡಿಮೆ?"

"ಸದ್ದೇ ಇಲ್ಲದ ಗಾಡಿ ಅದು. ಹೆಣ ಹೋದ ಹಾಗೆ ಹೋಗುತ್ತದೆ."

"ಹೆಣದ ಮುಂದಾದರೂ ತಮಟೆ ಇರುತ್ತದೆ ಭಾವ. ಇದಕ್ಕೆ ಅದೂ ಇಲ್ಲ. ನೆಮ್ಮದಿ."

ಹೆಂಡತಿ ಒಳಗೆ ನಕ್ಕಳು. ಟ್ಯಾಕ್ಸಿಯವನು ನಗಲಿಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ಒಪ್ಪಿದ. ಒಪ್ಪುವಾಗಲೂ ಒಂದು ಷರತ್ತು ಹಾಕಿದ: "ನಿನ್ನ ವ್ಯವಸ್ಥೆ ಮೂರು ಸಲ ಕೈಕೊಟ್ಟರೆ ಪ್ಲೇಟು ಬಿಚ್ಚಿಕೊಂಡು ಹೋಗಬೇಕು. ನಾನು ಹೊಸ ಕಾರನ್ನು ಮಾರಿ ನನ್ನ ಕಾರನ್ನೇ ಕಟ್ಟಿಸುತ್ತೇನೆ."

"ಆಗಲಿ ಭಾವ. ಸೂರ್ಯ ನಿಮ್ಮ ಮಾತು ಕೇಳಿ ಕೈಕೊಡುತ್ತಾನೋ ನೋಡೋಣ."

ಮಾಳಿಗೆಯ ಉದ್ದಗಲಕ್ಕೆ ಎಂಟು ಪ್ಲೇಟು ಕೂತವು. ಹೆಂಡತಿ ಅಲ್ಲಿದ್ದ ಚಾಪೆಗಳನ್ನು, ಮೊರಗಳನ್ನು, ಚಾಪೆ ಹಾರದಂತೆ ಇಡುತ್ತಿದ್ದ ಕಲ್ಲುಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಅವನು ಅದನ್ನು ನೋಡಲಿಲ್ಲ. ಆಗ ಹಿತ್ತಲಿನಲ್ಲಿ ಹಳೆ ಕಾರಿಗೆ ತಗಡಿನ ಮಾಡು ಹಾಕಿಸುತ್ತಿದ್ದ. ಮಳೆ ಬಿಸಿಲು ತಾಗಬಾರದೆಂದು ಹಿತ್ತಲಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೂ ಮಾಡು ಬಂತು.

ಹೊಸ ಕಾರು ಬಂದು ನಿಂತಿತು. ಅವನ ಕೈಗೆ ಮಾಡಲು ಕೆಲಸವೇ ಇಲ್ಲ. ಗೇರಿಲ್ಲ, ಕ್ಲಚ್ಚಿಲ್ಲ. ಗುಂಡಿ ಒತ್ತುವ ಮೊದಲು ಸುಮ್ಮನೆ ಹತ್ತು ಎಣಿಸುತ್ತಿದ್ದ. ಬಾಡಿಗೆಯವರ ಮನೆ ಮುಂದೆ ಹೋಗಿ ನಿಂತರೆ ಯಾರೂ ಹೊರಗೆ ಬರುತ್ತಿರಲಿಲ್ಲ, ಬಂದದ್ದು ಅವರಿಗೆ ಗೊತ್ತಾಗುತ್ತಲೇ ಇರಲಿಲ್ಲ. ಹೂವಿನವಳು ಎದುರು ಸಿಕ್ಕಾಗಲೆಲ್ಲ ಕೇಳುತ್ತಿದ್ದಳು, "ಏನಣ್ಣಾ, ನೀನು ಹೊಸ ಗಾಡಿ ತಂದೆ, ನಾನು ದಿನಾ ಮಾರುಕಟ್ಟೆಗೆ ತಡ. ನನ್ನ ನಷ್ಟ ಯಾರು ಕಟ್ಟಿಕೊಡುತ್ತಾರೆ?" ಅವಳು ತಮಾಷೆಗೆ ಅಂದದ್ದು ಅವನಿಗೆ ಒಳಗೇ ಹಿತವಾಗುತ್ತಿತ್ತು. ತನ್ನ ಕಾರನ್ನು ಇನ್ನೊಬ್ಬರಾದರೂ ನೆನೆಯುತ್ತಾರಲ್ಲ ಅನ್ನಿಸುತ್ತಿತ್ತು.

ಆ ಊರಿನಲ್ಲಿ ಹಗಲು ಹೊತ್ತು ಕಂಬದ ಕರೆಂಟು ಇರುತ್ತಲೇ ಇರಲಿಲ್ಲ. ಪ್ಲೇಟಿನಿಂದ ಬಂದದ್ದೇ ಗಾಡಿಗೆ ಮೇವು. ಅದಕ್ಕಾಗಿ ಅವನು ಬೆಳಗಿನ ಬಾಡಿಗೆ ಮುಗಿಸಿ ಹನ್ನೊಂದಕ್ಕೆ ಮನೆಗೆ ಬಂದು, ಹೊಸ ಕಾರಿಗೆ ವೈರು ಸಿಕ್ಕಿಸಿ, ಮೂರರವರೆಗೆ ಕಾಯಬೇಕಿತ್ತು. ಆ ನಾಲ್ಕು ಗಂಟೆ ಹಿತ್ತಲಿಗೆ ಹೋಗುತ್ತಿದ್ದ. ಹಳೆ ಕಾರಿನಲ್ಲಿ ಕೂತು, ಗಾಜು ಏರಿಸಿ, ಇಂಜಿನ್ ಚಾಲೂ ಮಾಡಿ ಕಣ್ಣು ಮುಚ್ಚುತ್ತಿದ್ದ. ಬ್ಯಾಟರಿ ಸಾಯಬಾರದೆಂದು ಮೊದಲು ಹತ್ತು ನಿಮಿಷ. ಆಮೇಲೆ ಅರ್ಧ ಗಂಟೆ. ಸವೆದು ನುಣುಪಾದ ಗೇರಿನ ಗುಂಡು ಅಂಗೈಯಲ್ಲಿ ನಡುಗುತ್ತಿದ್ದರೆ ಯಾವ ಯಾವುದೋ ರಸ್ತೆ ಕಣ್ಣ ಮುಂದೆ ಬರುತ್ತಿತ್ತು. ಘಟ್ಟದ ತಿರುವು, ಬೆಳಗಿನ ಚಹಾದಂಗಡಿ, ಹಿಂದೆ ಕೂತು ಹಾಡುತ್ತಿದ್ದ ಮದುವೆ ದಿಬ್ಬಣದ ಹೆಣ್ಣುಮಕ್ಕಳು. ಆಮೇಲೆ ಒಳಗೆ ಬಂದು, ಮುಚ್ಚಿಟ್ಟ ತಟ್ಟೆ ತೆಗೆದು ಉಣ್ಣುತ್ತಿದ್ದ. ಆ ಹೊತ್ತಿನಲ್ಲಿ ಹೆಂಡತಿ ಎಲ್ಲಿರುತ್ತಾಳೆಂದು ಅವನು ಯೋಚಿಸಿದವನಲ್ಲ. ಮಾಳಿಗೆಗಂತೂ ಅವನು ಕಾಲಿಟ್ಟಿರಲಿಲ್ಲ. ಆ ಪ್ಲೇಟುಗಳ ಮುಖ ನೋಡುವುದು ಅವನಿಗೆ ಬೇಡವಾಗಿತ್ತು.

ಶಿವರಾತ್ರಿ ಕಳೆದು ಬಿಸಿಲು ಬಲಿಯಿತು. ಒಂದು ದಿನ ಮೂರು ಗಂಟೆಗೆ ತುಂಬಿರಬೇಕಾದ ಗಾಡಿ ಮುಕ್ಕಾಲಿಗೇ ನಿಂತಿತ್ತು.

"ಒಂದು" ಎಂದು ಅವನು ಹೆಂಡತಿಗೆ ಬೆರಳೆತ್ತಿ ತೋರಿಸಿದ.

"ಮೋಡ ಇತ್ತೇನೋ" ಅಂದಳು.

"ಇಂಥ ಬಿಸಿಲಲ್ಲಿ ಮೋಡವೇ? ನಿನ್ನ ತಮ್ಮನ ಕೈಗುಣ ಅದು."

ನಾಲ್ಕು ದಿನ ಬಿಟ್ಟು ಎರಡನೆಯ ಸಲ. ಅದರ ಮರುದಿನವೇ ಮೂರನೆಯ ಸಲ, ಅರ್ಧವೂ ತುಂಬಿರಲಿಲ್ಲ. ರೈಲು ಹಿಡಿಯಬೇಕಾದವರಿಗೆ ಅವನು ಬೇರೆ ಗಾಡಿ ಹುಡುಕಿಕೊಟ್ಟ. ಕೈಬಿಟ್ಟು ಹೋದ ಬಾಡಿಗೆಗೆ ಅಷ್ಟು ಸಂತೋಷಪಟ್ಟ ಟ್ಯಾಕ್ಸಿಯವನು ಇನ್ನೊಬ್ಬನಿರಲಾರ. ಅಂದೇ ಭಾವಮೈದುನನಿಗೆ ಫೋನು ಮಾಡಿ, "ಮೂರಾಯಿತು. ನಾಳೆ ಸ್ಪ್ಯಾನರ್ ತಗೊಂಡು ಬಾ" ಅಂದ.

ಭಾವಮೈದುನ ಮರುದಿನ ಮಧ್ಯಾಹ್ನ ಬಂದ. ಬಿಚ್ಚುವ ಮೊದಲು ಏನಾಗಿದೆಯೆಂದು ನೋಡುತ್ತೇನೆ ಎಂದು ಮಾಳಿಗೆ ಹತ್ತಿದ. ಬೇರೇನಾದರೂ ನೆಪ ತೆಗೆದಾನೆಂದು ಟ್ಯಾಕ್ಸಿಯವನೂ ಹಿಂದೆಯೇ ಹತ್ತಿದ.

ಎಂಟು ಪ್ಲೇಟುಗಳಲ್ಲಿ ನಾಲ್ಕರ ಮೇಲೆ ಬಿಳಿ ಪಂಚೆ ಹಾಸಿತ್ತು. ಇಳಿಜಾರಿನಲ್ಲಿ ಜಾರದಂತೆ ಮೂಲೆಗಳಿಗೆ ಬಟ್ಟೆ ಒಣಗಿಸುವ ಕ್ಲಿಪ್ಪು. ಪಂಚೆಯ ಮೇಲೆ ಸಾಲಾಗಿ ಸಂಡಿಗೆ. ಪ್ಲೇಟಿನ ಅಡಿಯ ಗೇಣು ನೆರಳಿನಲ್ಲಿ ಹೆಂಡತಿ ಮುದುಡಿ ಕೂತಿದ್ದಳು. ಕೈಯಲ್ಲಿ ಕಾಗೆ ಓಡಿಸುವ ಕೋಲು.

ಅವಳ ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. "ಭಾವ, ಸೂರ್ಯನ ತಪ್ಪಿಲ್ಲ. ಗಾಡಿಯ ಊಟವನ್ನು ಅಕ್ಕ ಸಂಡಿಗೆಗೆ ಬಡಿಸಿದ್ದಾಳೆ."

"ಗಾಡಿಗೆ ಅದರಿಂದ ಕಡಿಮೆಯಾಗುತ್ತದೆಯೇ?" ಅವಳು ಗಾಬರಿಯಾದಳು. "ನನಗೇನು ಗೊತ್ತು? ಗಾಜು ಚೆನ್ನಾಗಿ ಕಾಯುತ್ತದೆ, ಒಂದೇ ದಿನಕ್ಕೆ ಗರಿಗರಿ ಆಗುತ್ತದೆ ಅಂತ ಹಾಕಿದೆ."

"ಹಾಕುವುದಕ್ಕೆ ನಿನಗೆ ಬೇರೆ ಜಾಗ ಸಿಗಲಿಲ್ಲವೇ?" ಎಂದ ಟ್ಯಾಕ್ಸಿಯವನು.

"ಎಲ್ಲಿದೆ? ಮಾಳಿಗೆ ಬಿಸಿಲು ಹೊಸ ಕಾರಿಗೆ. ಹಿತ್ತಲ ಬಿಸಿಲಿಗೆ ಹಳೆ ಕಾರು ಅಡ್ಡ. ನನ್ನ ಪಾಲಿಗೆ ಉಳಿದದ್ದು ಇದೇ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. ಆಮೇಲೆ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಮಾತು ಮುಂದುವರಿಸಿದಳು. ಈ ಮಾಳಿಗೆಗೆ ತನ್ನನ್ನು ಮೊದಲು ಹತ್ತಿಸಿದ್ದು ಅತ್ತೆ. ಮದುವೆಯಾಗಿ ಬಂದ ವರ್ಷ, ಬಿಸಿ ಹಿಟ್ಟಿನ ಪಾತ್ರೆಯನ್ನು ಸೊಂಟದ ಮೇಲಿಟ್ಟುಕೊಂಡು ಹತ್ತಿದ್ದು. ನಾಲ್ಕು ಮನೆಯ ಹೆಂಗಸರು ಬರುತ್ತಿದ್ದರು. ಬೆಳಕು ಹರಿಯುವಷ್ಟರಲ್ಲಿ ಅರ್ಧ ಮಾಳಿಗೆ ತುಂಬುತ್ತಿತ್ತು. ಉಪ್ಪು ನೋಡುವ ಹಕ್ಕು ಮೂಲೆಮನೆಯ ಅಜ್ಜಿಯದು. ಆಕೆ ನಾಲಿಗೆಗಿಟ್ಟು ಹೂಂ ಅನ್ನುವ ತನಕ ಯಾರೂ ಸೌಟು ಮುಟ್ಟುವ ಹಾಗಿರಲಿಲ್ಲ. ಅತ್ತೆಯರ ಮೇಲಿನ ದೂರು, ಗಂಡಂದಿರ ಮೇಲಿನ ನಗೆ, ಹೆತ್ತದ್ದು, ಕಳೆದುಕೊಂಡದ್ದು ಎಲ್ಲಾ ಇಲ್ಲೇ. ಪ್ಲೇಟು ಕೂತ ಮೇಲೆ ಅವರು ಬರುವುದು ನಿಂತಿತು. ಈ ಸಲ ಒಬ್ಬಳೇ ಹಿಟ್ಟು ಕಾಯಿಸಿ, ಒಬ್ಬಳೇ ಉಪ್ಪು ನೋಡಿ, ಒಬ್ಬಳೇ ಹಾಕಿದ್ದು.

ಟ್ಯಾಕ್ಸಿಯವನಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವನು ಎಂದೂ ಮನೆಯಲ್ಲಿ ಇದ್ದವನಲ್ಲ. ಇದ್ದ ಈ ಕೆಲವು ತಿಂಗಳೂ ಕಾರಿನ ಗಾಜು ಏರಿಸಿಕೊಂಡು ಇದ್ದ.

"ನನಗೆ ಮೊದಲೇ ಹೇಳಬಾರದಿತ್ತೇ?" ಅಂದ.

"ನೀವು ಕಾರಿನ ದುಃಖದಲ್ಲಿದ್ದಿರಿ. ಒಂದು ಮನೆಯಲ್ಲಿ ಎರಡು ಸೂತಕ ಯಾಕೆ ಅಂತ ಸುಮ್ಮನಾದೆ."

ತಮ್ಮನ ನಗು ನಿಂತಿತ್ತು. ಅವನು ಸ್ಪ್ಯಾನರ್ ತೆಗೆದ. "ಅಕ್ಕನಿಗೆ ಮಾಳಿಗೆ ಬೇಕು, ಭಾವನಿಗೆ ಹಳೆ ಕಾರು ಬೇಕು. ನಡುವೆ ನಾನ್ಯಾಕೆ ಕೆಟ್ಟವನಾಗಲಿ? ಹೇಳಿ ಭಾವ, ಈಗಲೇ ಬಿಚ್ಚುತ್ತೇನೆ."

ಒಂದು ಮಾತು ಸಾಕಿತ್ತು. ಹೆಂಡತಿಯ ಹೆಸರು ಹೇಳಿ ತನ್ನ ಕಾರನ್ನು ಪಡೆಯಬಹುದಿತ್ತು, ಊರೂ ಭೇಷ್ ಅನ್ನುತ್ತಿತ್ತು. ಆ ಮಾತು ಅವನ ಹಲ್ಲಿನವರೆಗೆ ಬಂತು. ಆದರೆ ಪ್ಲೇಟು ಕೈಕೊಟ್ಟಿರಲಿಲ್ಲ. ಅದು ಅವನಿಗೆ ಈಗ ಗೊತ್ತಾಗಿಬಿಟ್ಟಿತ್ತು. ಗೊತ್ತಾಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮಾಳಿಗೆಯ ಅಂಚಿಗೆ ಹೋಗಿ ಕೆಳಗೆ ನೋಡಿದ. ತಾನು ಹಾಕಿಸಿದ ತಗಡಿನ ಮಾಡನ್ನು ಅವನು ಮೇಲಿನಿಂದ ನೋಡಿದ್ದು ಅದೇ ಮೊದಲು. ಇಡೀ ಹಿತ್ತಲಿನ ಬಿಸಿಲು ಅದರ ಬೆನ್ನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು.

"ಸ್ಪ್ಯಾನರ್ ತಂದಿದ್ದೀಯಲ್ಲ," ಎಂದ ಕೊನೆಗೆ. "ಕೆಳಗೆ ಬಾ. ಆ ಮಾಡು ಬಿಚ್ಚಬೇಕು."

ವಾರದೊಳಗೆ ಗುಜರಿಯವನು ಲಾರಿ ತಂದ. ಟ್ಯಾಕ್ಸಿಯವನು ಅವನನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಹೀಟರ್ ಹಾಕಿ, ಕೀಲಿ ತಿರುಗಿಸಿದ. ಕಾರು ಕೆಮ್ಮಿತು, ಗುಡುಗಿತು. ಹೂವಿನವಳು ಓಡಿಬಂದು ಕಾಂಪೌಂಡಿನ ಆಚೆ ನಿಂತಳು. ಇಂಜಿನ್ ಬಿಸಿಯಾಗುವವರೆಗೂ ಅವನು ಅದನ್ನು ಓಡಲು ಬಿಟ್ಟ. ಆಮೇಲೆ ತಾನೇ ಆರಿಸಿ, ಕೀಲಿಯನ್ನು ಗುಜರಿಯವನ ಕೈಗೆ ಕೊಟ್ಟು, ಒಳಗೆ ಹೋಗಿ ಮುಖ ತೊಳೆದುಕೊಂಡ.

ಹಿತ್ತಲಿನ ನೆಲದಲ್ಲಿ ಎಣ್ಣೆಯ ಕಲೆ ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೆಂಡತಿ ಅದರ ಮೇಲೆಯೇ ಚಾಪೆ ಹಾಸಿದಳು. ಮಾಳಿಗೆಯಷ್ಟು ಬಿಸಿಲು ಅಲ್ಲಿಲ್ಲ. ಎರಡು ಗಂಟೆಗೇ ಗೋಡೆಯ ನೆರಳು ಬೀಳುತ್ತದೆ. ಆದರೂ ನಾಲ್ಕು ಮನೆಯವರು ಬಂದರು. ಮೂಲೆಮನೆಯ ಅಜ್ಜಿಯನ್ನು ಇಬ್ಬರು ಹಿಡಿದುಕೊಂಡು ಬಂದು ಕೂರಿಸಿದರು. ಆಕೆ ಹಿಟ್ಟು ನಾಲಿಗೆಗಿಟ್ಟು, "ಉಪ್ಪು ಸರಿಯಿದೆ. ಡೀಸೆಲ್ಲು ಸ್ವಲ್ಪ ಜಾಸ್ತಿ" ಅಂದಳು. ಹೆಂಗಸರು ನಕ್ಕರು. ಹೊಸ ಕಾರಿಗೆ ವೈರು ಸಿಕ್ಕಿಸಿ ಬಂದ ಟ್ಯಾಕ್ಸಿಯವನ ಕೈಗೆ ಹೆಂಡತಿ ಕೋಲು ಕೊಟ್ಟಳು. ಅವನು ಕಾಗೆ ಓಡಿಸುತ್ತಾ ಕೂತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಇನ್ನೂ ಏನೋ ಇದೆಯೆಂದು ಕಾದ. ಇರಲಿಲ್ಲ.

"ಆಮೇಲೆ ಅವನ ಸಂಕಟ ಹೋಯಿತೇ ಬುದ್ಧಿ?" ಎಂದ.

"ಇಲ್ಲ. ಅದು ಹೋಗುವಂಥದ್ದಲ್ಲ," ಎಂದು ಗುರುಗಳು ಏಳುತ್ತಾ ಹೇಳಿದರು. "ನನಗೊಬ್ಬನಿಗೇ ಅಂದೆಯಲ್ಲ, ಮಿಕ್ಕವರನ್ನು ಕೇಳಿ ನೋಡಿದೆಯಾ?"

ಶಿಷ್ಯ ತಲೆ ತಗ್ಗಿಸಿದ. ಆಮೇಲೆ ಎದ್ದು, ಇಷ್ಟು ವರ್ಷ ತನ್ನ ಒಲೆಗೆ ಸೌದೆ ಒಡೆದುಕೊಡುತ್ತಿದ್ದವನನ್ನು ಹುಡುಕಿಕೊಂಡು ಹೋದ.