ಅವ್ವನ ಹೆಸರಿನ ಛತ್ರ

"ಬುದ್ಧಿ, ಒಳ್ಳೆಯದನ್ನು ಮಾಡಿಕೊಟ್ಟರೂ ಜನ ಯಾಕೆ ಬೇಡ ಅನ್ನುತ್ತಾರೆ?"

ಮಠದ ಗುರುಗಳನ್ನು ಗುರುಪಾದ ಕೇಳಿದ್ದು ಇಷ್ಟೇ. ಈ ಮಾತಿನ ಹಿಂದೆ ಎರಡು ವರ್ಷದ ಬೆವರಿತ್ತು, ಒಂದು ತಿಂಗಳ ಸಿಟ್ಟಿತ್ತು. ಮಠದ ಹೊಸ ದಾಸೋಹದ ಮನೆಯನ್ನು ಹಗಲೆಲ್ಲ ಎದುರು ನಿಂತು ಕಟ್ಟಿಸಿದವನು ಅವನು. ನೆಲಕ್ಕೆ ಮುಖ ಕಾಣುವಷ್ಟು ಹೊಳೆಯುವ ಕಲ್ಲು. ಗೋಡೆಯ ತುಂಬ ಚಿತ್ರ. ಎಂಟಡಿ ಎತ್ತರದ ಬಾಗಿಲು. ಅದರ ಕೆಳಗೆ ಒಂದೇ ಕಲ್ಲಿನಲ್ಲಿ ಕಡೆದ, ಒಂದೂವರೆ ಗೇಣೆತ್ತರದ ಹೊಸ್ತಿಲು. ಸುತ್ತಮುತ್ತ ಯಾವ ಮಠದಲ್ಲೂ ಇಂಥದ್ದಿಲ್ಲ ಎಂದು ಬಂದವರೆಲ್ಲ ಹೊಗಳಿದರು. ಹೊಗಳಿ, ತಟ್ಟೆ ಹಿಡಿದುಕೊಂಡು ಹಳೆಯ ತಗಡಿನ ಚಪ್ಪರಕ್ಕೇ ಹೋಗಿ ಊಟಕ್ಕೆ ಕೂತರು.

ಅವನಿಗೆ ಸಮಾಧಾನ ಅಂತ ಇದ್ದದ್ದು ಒಂದೇ. ಪ್ರವೇಶದ ದಿನ ಗುರುಗಳು ಬಾಗಿಲವರೆಗೆ ಬಂದು, ಹೊರಗೇ ನಿಂತು, ಒಳಗೆಲ್ಲ ಕಣ್ಣಾಡಿಸಿ, ಕೈಯೆತ್ತಿ ಹರಸಿದ್ದರು. ಒಂದು ಹೆಜ್ಜೆ ಒಳಗಿಡದೆಯೇ ಇಷ್ಟು ಮೆಚ್ಚಿದರಲ್ಲ ಎಂದು ಅವನ ಎದೆ ಉಬ್ಬಿತ್ತು. ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಗುರುಗಳಿಗೆ ಎಂಬತ್ತು ದಾಟಿತ್ತು. ಊರುಗೋಲನ್ನು ಪಕ್ಕಕ್ಕೆ ಒರಗಿಸಿ, "ಕೂತುಕೊ" ಎಂದರು. ಅವನು ಕೂತ ಮೇಲೆ ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನ ತಾಯಿ ಉಪ್ಪು ಹೊರುವವಳು. ಕಡಲ ಕಡೆಯಿಂದ ಉಪ್ಪಿನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಬೆಟ್ಟದ ಏರು ಹತ್ತಿ, ಬಯಲುಸೀಮೆಯ ಸಂತೆಗಳಿಗೆ ಬರುತ್ತಿದ್ದಳು. ಅವನೂ ಬಲಿತ ಮೇಲೆ ಅವಳ ಹಿಂದೆ ಹತ್ತು ವರ್ಷ ಹೊತ್ತ. ಒಂದು ಬೇಸಗೆಯ ಮಧ್ಯಾಹ್ನ ಆ ಏರಿನ ತುದಿಯಲ್ಲಿ ಅವಳು ಕುಸಿದು ಕೂತಳು. ಅಲ್ಲಿ ನೆರಳಿರಲಿಲ್ಲ, ನೀರಿರಲಿಲ್ಲ. ಮತ್ತೆ ಏಳಲಿಲ್ಲ. ಇದೇ ಜಾಗದಲ್ಲಿ ನಿನ್ನ ಹೆಸರಿನಲ್ಲಿ ಛತ್ರ ಕಟ್ಟಿಸುತ್ತೇನೆ ಎಂದು ಮಗ ಅವಳ ಕೈ ಹಿಡಿದು ಆಣೆ ಮಾಡಿದ.

ಮೂವತ್ತು ವರ್ಷ ಕಳೆಯಿತು. ಅವನು ದೊಡ್ಡ ವರ್ತಕನಾದ. ಆಣೆಯನ್ನು ಮರೆಯಲಿಲ್ಲ. ದೊಡ್ಡವರಾದ ಮೇಲೆ ಇಂಥದ್ದನ್ನು ನೆನಪಿಟ್ಟುಕೊಳ್ಳುವವರು ಎಷ್ಟು ಮಂದಿ ಇದ್ದಾರೆ? ಅದಕ್ಕಾಗಿ ಅವನಿಗೆ ಕೈಮುಗಿಯಬೇಕು.

ಕಟ್ಟಿಸಲು ನಿಂತಾಗ, ಬಡತನದಲ್ಲಿ ಅವನು ಬೀದಿಯಿಂದ ಇಣುಕಿ ನೋಡಿದ್ದ ದೊಡ್ಡ ಮನೆಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಅವ್ವನಿಗೆ ಅದಕ್ಕಿಂತ ಕಡಿಮೆಯದನ್ನು ಕೊಡುವುದು ಹೇಗೆ? ನೆಲದ ಕಲ್ಲನ್ನು ಎಣ್ಣೆ ಹಾಕಿ ಉಜ್ಜಿಸಿದ. ಗೋಡೆಗೆ ಬಣ್ಣದ ಬಳ್ಳಿ ಬರೆಸಿದ. ಬಣ್ಣಕ್ಕೆ ದೂಳು ಬಡಿಯಬಾರದೆಂದು ಕಿಟಕಿಗಳನ್ನು ಕಿರಿದು ಮಾಡಿಸಿ ಸೂರಿನ ಹತ್ತಿರಕ್ಕೆ ಏರಿಸಿದ. ಅನ್ನ ಬೇಯುವುದು ಎಲ್ಲರಿಗೂ ಕಾಣಲಿ ಎಂದು ಒಲೆಯನ್ನು ನಟ್ಟನಡುವೆ ಇಡಿಸಿದ. ಬಾಗಿಲನ್ನು ಮಾತ್ರ ಬೇಕೆಂದೇ ಗಿಡ್ಡ ಮಾಡಿಸಿದ. ಅದರ ಮೇಲಿನ ತೊಲೆಗೆ ಅವ್ವನ ಹೆಸರು ಕೆತ್ತಿಸಿ, ಒಳಗೆ ಬರುವವರು ಯಾರೇ ಇರಲಿ, ಅವಳ ಹೆಸರಿನ ಕೆಳಗೆ ತಲೆಬಾಗಿಯೇ ಬರಲಿ ಎಂದ. ಬದುಕಿದ್ದಾಗ ಅವಳಿಗೆ ಯಾರೂ ತಲೆಬಾಗಿರಲಿಲ್ಲ. ಅದು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಛತ್ರ ನೋಡಲು ಜನ ದೂರದಿಂದ ಬಂದರು. ಆಹಾ ಎಂದರು. ವರ್ತಕ ಊರಿಗೆ ಹಿಂದಿರುಗುವಾಗ ತಿರುವಿನಲ್ಲಿ ಬಂಡಿ ನಿಲ್ಲಿಸಿ ಮತ್ತೊಮ್ಮೆ ತಿರುಗಿ ನೋಡಿದ. ಅಷ್ಟು ಹೆಮ್ಮೆ ಅವನಿಗೆ ತನ್ನ ಮಗ ಹುಟ್ಟಿದಾಗಲೂ ಆಗಿರಲಿಲ್ಲ.

ಒಂದು ವರ್ಷದ ಮೇಲೆ ಛತ್ರದ ಅಡುಗೆಯವನಿಂದ ಸುದ್ದಿ ಬಂತು. ಬೇಯಿಸಿದ್ದು ಹಾಗೇ ಉಳಿಯುತ್ತಿದೆ. ಬಂದವರು ಇಣುಕಿ ನೋಡುತ್ತಾರೆ, ಹೊಗಳುತ್ತಾರೆ, ಹೊರಗೇ ಗೋಡೆಯ ನೆರಳಿನಲ್ಲಿ ಕೂತು ಎದ್ದು ಹೋಗುತ್ತಾರೆ. ಅವ್ವನ ಹೆಸರಿನ ಛತ್ರಕ್ಕೆ ಯಾರೂ ಕಾಲಿಡುತ್ತಿಲ್ಲ. ವರ್ತಕನಿಗೆ ಊಟ ಸೇರಲಿಲ್ಲ. ಮಾರನೆಯ ದಿನವೇ ಬಂಡಿ ಕಟ್ಟಿಸಿ ಹೊರಟ.

ಅವನು ಬಂದು ಇಳಿದಾಗ ಮಧ್ಯಾಹ್ನ. ಛತ್ರದ ಗೋಡೆಗೆ ಅಂಟಿಕೊಂಡು ಉಪ್ಪು ಹೊರುವ ಮುದುಕಿಯೊಬ್ಬಳು ಕೂತಿದ್ದಳು. ಅವಳ ಬುಟ್ಟಿ ದಾರಿಯಾಚೆ, ಎದೆಮಟ್ಟದ ಒಂದು ಬಂಡೆಯ ಮೇಲಿತ್ತು.

"ಒಳಗೆ ಚಾಪೆ ಹಾಸಿದೆ, ಅನ್ನ ಬೆಂದಿದೆ. ಇಲ್ಲಿ ಯಾಕೆ ಕೂತಿದ್ದೀಯ ತಾಯಿ?" ಎಂದ ವರ್ತಕ.

"ಬೋ ಚಂದಾಗೈತೆ ಸಾವ್ಕಾರ್ರೆ. ಅರಮನೆ ಇದ್ದಂಗೈತೆ. ನಂಗೆ ಇಲ್ಲೇ ಸಾಕು" ಎಂದಳು ಮುದುಕಿ.

ವರ್ತಕನಿಗೆ ಮೈಯೆಲ್ಲ ಉರಿಯಿತು. "ನಿಮ್ಮ ಕಷ್ಟ ಗೊತ್ತಿಲ್ಲದೆ ಕಟ್ಟಿಸಿದೆ ಅಂದ್ಕೊಂಡ್ಯಾ? ಇದೇ ಏರನ್ನ ಹತ್ತು ವರ್ಷ ಹೊತ್ಕೊಂಡು ಹತ್ತಿದೋನು ನಾನು. ಈ ಕತ್ತು ನೋಡು!"

ಮುದುಕಿ ಕತ್ತನ್ನು ನೋಡಿದಳು. ಅವಳಿಗೆ ಕಂಡದ್ದು ಚಿನ್ನದ ಸರ.

"ಹಂಗಾದ್ರೆ ನಾನು ಬಾಯಲ್ಲಿ ಹೇಳೋದು ಯಾಕೆ? ನನ್ನ ಬುಟ್ಟಿ ಹೊತ್ಕೊಂಡು ಆ ತಿರುವಿನಿಂದ ಹತ್ತಿ ಬಂದು ಒಳಕ್ಕೆ ಹೋಗಿ. ಗೊತ್ತಾಯ್ತದೆ."

ಬೇಡ ಎನ್ನಲು ಅವನ ಹೆಮ್ಮೆ ಬಿಡಲಿಲ್ಲ. ರುಮಾಲು ತೆಗೆದ. ಸಿಂಬಿ ಸುತ್ತಿ ತಲೆಗಿಟ್ಟುಕೊಂಡ. ಬಂಡೆಗೆ ಎದೆಕೊಟ್ಟು ನಿಂತು ಬುಟ್ಟಿಯನ್ನು ತಾನೇ ತಲೆಗೇರಿಸಿಕೊಂಡ. ತಿರುವಿನವರೆಗೆ ಇಳಿದು, ಅಲ್ಲಿಂದ ಹತ್ತಿ ಬಂದ. ಏದುಸಿರು ಬಂತು. ಆದರೂ ಕತ್ತು ಹೊರೆಯನ್ನು ಮರೆತಿರಲಿಲ್ಲ, ಬುಟ್ಟಿಗೆ ಕೈಯನ್ನೂ ಹಿಡಿಯಲಿಲ್ಲ. ನೋಡಿದೆಯಾ ಎನ್ನುವಂತೆ ಮುದುಕಿಯ ಕಡೆ ಓರೆಗಣ್ಣು ಬಿಟ್ಟು ಬಾಗಿಲಿಗೆ ಬಂದ.

ಬಾಗಿಲು ಅವನ ಹಣೆಯ ಮಟ್ಟಕ್ಕಿತ್ತು. ತಲೆಯ ಮೇಲೆ ಬುಟ್ಟಿಯಿತ್ತು. ಬಗ್ಗಿದರೆ ಉಪ್ಪು ಚೆಲ್ಲುತ್ತದೆ. ಇಳಿಸೋಣವೆಂದರೆ ಬಾಗಿಲ ಬಳಿ ಒಂದು ಕಟ್ಟೆಯಿಲ್ಲ, ಬಂಡೆ ಇದ್ದದ್ದು ದಾರಿಯಾಚೆ. ಅಡುಗೆಯವನನ್ನು ಕೂಗಿದ. ಆ ಕೂಗು ಒಳಗಿನ ನುಣುಪು ಗೋಡೆಗಳಿಗೆ ಬಡಿದು ಗುಯ್ ಎಂದಿತೇ ಹೊರತು ಯಾರೂ ಬರಲಿಲ್ಲ. ಹೊರೆಯವರು ಹೊರಗೇ ಉಳಿಯುವುದು ಯಾಕೆಂದು ಅವನಿಗೆ ಅಲ್ಲೇ ಹೊಳೆಯಬೇಕಿತ್ತು. ಆದರೆ ಸಾಹುಕಾರನಲ್ಲವೇ? ಮಂಡಿ ಮಡಿಸಿ ಕುಕ್ಕರಿಸಲು ಹೋದ. ಬುಟ್ಟಿ ಜಾರಿತು. ಅರ್ಧ ಉಪ್ಪು ಬಾಗಿಲಲ್ಲೇ ಚೆಲ್ಲಿತು.

ಬರಿಗೈಯಲ್ಲಿ ಒಳಗೆ ಹೋದ. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಬರೀ ಕತ್ತಲು. ಬೆವರಿದ ಅಂಗಾಲು ಎಣ್ಣೆಗಲ್ಲಿನ ಮೇಲೆ ಜಾರಿ ದಡಕ್ಕನೆ ಕೂತುಬಿಟ್ಟ. ನಡುವಿನ ಒಲೆಯ ಹೊಗೆ ಹೊರಗೆ ಹೋಗಲು ದಾರಿ ಕಾಣದೆ ಅಲ್ಲೇ ಸುತ್ತುತ್ತಿತ್ತು. ಕೆಮ್ಮು ಬಂತು. ನೀರಿನ ಹಂಡೆ ಎಲ್ಲಿದೆಯೆಂದು ತಡಕಿದರೆ, ಅದಿದ್ದದ್ದು ಹಾಸಿದ ಚಾಪೆಗಳನ್ನೆಲ್ಲ ತುಳಿದುಕೊಂಡು ಹೋಗಬೇಕಾದ ಹಿಂದಿನ ಮೂಲೆಯಲ್ಲಿ. ಸಾಕಾಗಿ ಗೋಡೆಗೆ ಬೆನ್ನು ಕೊಟ್ಟ.

"ಏಯ್, ಗೋಡೆಗೆ ಒರಗಬೇಡ! ಬಣ್ಣ ಹೋಗುತ್ತೆ!" ಎಂದು ಹೊಗೆಯೊಳಗಿಂದ ಅಡುಗೆಯವನು ಗದರಿದ. ಹಾಗೆ ಗದರಬೇಕೆಂದು ಅವನಿಗೆ ಹೇಳಿಕೊಟ್ಟವನು ವರ್ತಕನೇ.

ವರ್ತಕ ಬೆನ್ನು ನೆಟ್ಟಗೆ ಮಾಡಿ ಕೂತ. ಅವ್ವ ನೆನಪಾದಳು. ಆ ಮಧ್ಯಾಹ್ನ ಈ ಛತ್ರ ಇಲ್ಲೇ ಇದ್ದಿದ್ದರೂ ಅವಳು ಒಳಗೆ ಬರುತ್ತಿರಲಿಲ್ಲ. ಇಣುಕಿ ನೋಡಿ, ಚೆನ್ನಾಗಿದೆ ಎಂದು ಹೇಳಿ, ಹೊರಗೇ ಕೂತು ಸಾಯುತ್ತಿದ್ದಳು. ಅವನಿಗೆ ಅಳು ಬಂತು. ದೊಡ್ಡವನಾದ ಮೇಲೆ ಅವನು ಅತ್ತದ್ದು ಅದೊಂದೇ ಸಲ.

ಹೊರಗೆ ಬಂದು ಚೆಲ್ಲಿದ ಉಪ್ಪನ್ನು ತಾನೇ ಬಾಚಿ ಬುಟ್ಟಿಗೆ ತುಂಬಿದ. ಮುದುಕಿಯನ್ನು ಕೈಹಿಡಿದು ಎಬ್ಬಿಸಿ, ಮೇಸ್ತ್ರಿ ಬರುವವರೆಗೆ ಇರಬೇಕೆಂದು ಬೇಡಿಕೊಂಡ. ಮೇಸ್ತ್ರಿ ಬಂದ. ಈ ಸಲ ವರ್ತಕ ಏನೂ ಹೇಳಲಿಲ್ಲ. ಹೇಳಿದವಳು ಮುದುಕಿ. ಅವಳು ಹೊರೆ ಹೊತ್ತು ನಿಂತು ಕೈಯೆತ್ತಿದ ಎತ್ತರಕ್ಕೆ ಬಾಗಿಲು ಏರಿತು. ಅವಳು ಕೂತಾಗ ಮುಖಕ್ಕೆ ಗಾಳಿ ಬಡಿಯುವ ಮಟ್ಟಕ್ಕೆ ಕಿಟಕಿಗಳು ಇಳಿದವು, ಎದುರು ಗೋಡೆಯಲ್ಲೂ ಅಷ್ಟೇ ಬಂದವು. ನೆಲವನ್ನು ಉಳಿಯಿಂದ ಒರಟು ಮಾಡಿದರು. ಒಲೆ ಹೊರಗಿನ ಮಾಡಿಗೆ ಹೋಯಿತು, ನೀರು ಬಾಗಿಲ ಬಳಿಗೆ ಬಂತು. ಜ್ವರ ಬಂದವರು ಬೇರೆ ಮಲಗಲೆಂದು ಪಕ್ಕದಲ್ಲೊಂದು ಕೋಣೆ ಎದ್ದಿತು. ಗೋಡೆಯ ಬಳ್ಳಿಗಳನ್ನು ಹೆರೆದು, ಜನ ಒರಗುವಷ್ಟು ಎತ್ತರಕ್ಕೆ ಬರೀ ಸುಣ್ಣ ಬಳಿದರು. ಬಳ್ಳಿ ಬರೆದಿದ್ದವನು ಬೇಜಾರು ಮಾಡಿಕೊಂಡ. ಏನು ಮಾಡುವುದು, ಬೆನ್ನಿಗೆ ಬಳ್ಳಿ ಕಾಣುವುದಿಲ್ಲ.

ಬಾಗಿಲ ಪಕ್ಕದಲ್ಲಿ ಎದೆಮಟ್ಟದ ಒಂದು ಕಲ್ಲು ನೆಟ್ಟರು. ಒಂಟಿಯಾಗಿ ಬಂದವರು ಯಾರ ಕೈಯನ್ನೂ ಕಾಯದೆ ಹೊರೆ ಇಳಿಸಬಹುದು, ಹೋಗುವಾಗ ತಾವೇ ಎತ್ತಿಕೊಳ್ಳಬಹುದು.

ಬಾಗಿಲು ಏರಿಸುವಾಗ ಹಳೆಯ ತೊಲೆ ಒಡೆದಿತ್ತು. ಅವ್ವನ ಹೆಸರನ್ನು ಇನ್ನೆಲ್ಲಿ ಕೆತ್ತಲಿ ಎಂದು ಮೇಸ್ತ್ರಿ ಕೇಳಿದ. ವರ್ತಕ ಆ ಕಲ್ಲಿನ ನೆತ್ತಿಯನ್ನು ತೋರಿಸಿದ.

"ಅಲ್ಲಿ ಬುಟ್ಟಿ ಉಜ್ಜಿ ಉಜ್ಜಿ ಅಕ್ಷರ ಸವೆದು ಹೋಗ್ತದೆ ಸಾವ್ಕಾರ್ರೆ" ಎಂದ ಮೇಸ್ತ್ರಿ.

"ಸವೆಯಲಿ. ಸವೆದಷ್ಟೂ ನಮ್ಮವ್ವನಿಗೆ ಹೆಮ್ಮೆ" ಎಂದ ವರ್ತಕ.

ಆಮೇಲೆ ಆ ಛತ್ರವನ್ನು ನೋಡಿ ಯಾರೂ ಆಹಾ ಎನ್ನಲಿಲ್ಲ. ನೋಡಲೆಂದು ದೂರದಿಂದ ಯಾರೂ ಬರಲಿಲ್ಲ. ಬಂದವರು ಹೊರೆ ಇಳಿಸಿದರು, ನೀರು ಕುಡಿದರು, ಉಂಡರು, ಗೋಡೆಗೆ ಒರಗಿ ನಿದ್ದೆ ಹೋದರು. ಜಾಗ ಸಾಲದೆ ಜಗಳವೂ ಆಗುತ್ತಿತ್ತು. ಆ ಜಗಳದ ಸುದ್ದಿ ಕೇಳಿದಾಗಲೆಲ್ಲ ವರ್ತಕ ಮೀಸೆ ತಿರುವುತ್ತಿದ್ದ. ಮುಪ್ಪಿನಲ್ಲಿ ಅವನಿಗೆ ಕಣ್ಣು ಮಂಜಾಯಿತು. ಆಗಲೂ ವರ್ಷಕ್ಕೊಮ್ಮೆ ಬಂಡಿಯಲ್ಲಿ ಅಲ್ಲಿಗೆ ಬಂದು ಆ ಕಲ್ಲಿನ ನೆತ್ತಿಯ ಮೇಲೆ ಕೈಯಾಡಿಸುತ್ತಿದ್ದ. ಅಲ್ಲಿದ್ದವರನ್ನೆಲ್ಲ ಕರೆದು, ಅವರ ಬೆರಳನ್ನೂ ಹಿಡಿದು ಕಲ್ಲಿಗೆ ತಾಗಿಸಿ, "ನೋಡಿ, ಒಂದಕ್ಷರವೂ ಉಳಿದಿಲ್ಲ" ಎಂದು ತಲೆಯೆತ್ತಿ ಹೇಳುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಹಳೆಯ ಚಪ್ಪರದ ಕಡೆಯಿಂದ ತಟ್ಟೆಗಳ ಸದ್ದು ಕೇಳುತ್ತಿತ್ತು.

ಗುರುಪಾದ ತನ್ನ ಬಾಗಿಲನ್ನು ಮನಸ್ಸಿನಲ್ಲೇ ಅಳೆದು ನೋಡಿದ. ಮುಖ ಅರಳಿತು.

"ನಮ್ಮ ಬಾಗಿಲು ಎಂಟಡಿ ಎತ್ತರ, ಬುದ್ಧಿ. ಯಾವ ಹೊರೆ ಹೊತ್ತವನೂ ಬಗ್ಗಬೇಕಾಗಿಲ್ಲ. ತಾವೇ ಅವತ್ತು ಬಾಗಿಲಲ್ಲಿ ನಿಂತು ನೋಡಿ, ಮೆಚ್ಚಿ, ಹರಸಿದಿರಲ್ಲ."

ಗುರುಗಳು ಊರುಗೋಲಿಗೆ ಕೈಚಾಚಿದರು.

"ಅವತ್ತು ನಾನು ಹೊರಗೇ ನಿಂತದ್ದು, ನಿನ್ನ ಹೊಸ್ತಿಲು ದಾಟಲು ನನ್ನ ಕಾಲು ಏಳಲಿಲ್ಲ ಅಂತ, ಕಣಪ್ಪ."