ಮುಳ್ಳು ತೆಗೆಸಿಕೊಂಡವನು

ಬನ್ನಿ, ಕಾಲು ನೀಡಿಕೊಂಡು ಕೂತ್ಕೊಳ್ಳಿ. ಯಾರ ಕಾಲಲ್ಲಾದರೂ ಮುಳ್ಳಿದ್ದರೆ ಮೊದಲು ಕಿತ್ತುಕೊಳ್ಳಿ, ಆಮೇಲೆ ಕತೆ ಕೇಳಿ.

ಸುಮಿತ್ತನೆಂಬ ಶಿಷ್ಯ ಗುರುವಿನ ಮುಂದೆ ಕೂತು ಕೇಳಿದ: “ಗುರುಗಳೇ, ಮನೆ ಬಿಟ್ಟೆ, ತಲೆ ಬೋಳಿಸಿಕೊಂಡೆ, ನೀವು ತೋರಿಸಿದ ದಾರಿಯಲ್ಲೇ ನಡೆದೆ. ಆದರೂ ದುಃಖ ಹೋಗಲಿಲ್ಲ. ನಮ್ಮಣ್ಣ ತುಂಬಿದ ಪಂಕ್ತಿಯಲ್ಲಿ ನನ್ನನ್ನು ‘ದಂಡಪಿಂಡ’ ಅಂದುಬಿಟ್ಟ. ಅದು ಇವತ್ತಿಗೂ ಚುಚ್ಚುತ್ತದೆ. ಯಾಕೆ?”

ಈ ದಂಡಪಿಂಡದ ಮಾತನ್ನು ಅವನ ಬಾಯಿಂದ ಕೇಳದವರು ವಿಹಾರದಲ್ಲಿರಲಿಲ್ಲ. ಅಂಗಳ ಗುಡಿಸುವವನೂ ಕೇಳಿದ್ದ, ಭಿಕ್ಷೆ ನೀಡುವ ಹೆಂಗಸರೂ ಕೇಳಿದ್ದರು.

ಗುರುಗಳು ಹೇಳಿದರು:

“ಕುರಿ ಕಾಯುವವನೊಬ್ಬನ ಹಿಮ್ಮಡಿಗೆ ಜಾಲಿಮುಳ್ಳು ಹೊಕ್ಕು ಒಳಗೇ ಮುರಿಯಿತು. ಕಾಲು ಊರಿದರೆ ಪ್ರಾಣ ಹೋದ ಹಾಗೆ. ಆದರೆ ಕುಂಟತೊಡಗಿದ್ದೇ ಅವನ ದೆಸೆ ತಿರುಗಿತು. ತಮ್ಮ ಅವನನ್ನು ಕತ್ತೆಯ ಮೇಲೆ ಕೂರಿಸಿದ. ಹೆಂಡತಿ ಗಟ್ಟಿ ಮೊಸರು ಬಡಿಸಿದಳು. ಎದುರು ಬಂದವರೆಲ್ಲ ‘ಏನಾಯ್ತಣ್ಣ?’ ಎಂದು ಕೇಳಿದರು. ಅವನು ಹೇಳಿದ ಹಾಗೆಲ್ಲ ಮುಳ್ಳು ಉದ್ದವಾಗುತ್ತಾ ಹೋಯಿತು. ಕಾಲು ಮಾತ್ರ ಊದಿ ಕುಂಬಳಕಾಯಿಯಾಯಿತು. ಇನ್ನು ಬಿಟ್ಟರೆ ಕಾಲೇ ಹೋಗುತ್ತದೆಂದು ಹೆದರಿ ಹೆಂಡತಿ, ಮುಳ್ಳು ತೆಗೆಯುವುದರಲ್ಲಿ ಪಳಗಿದ ಮುದುಕಿಯೊಬ್ಬಳನ್ನು ಕರೆತಂದಳು.

ಮುದುಕಿ ಎಕ್ಕದ ಎಲೆ ಮುರಿದಳು. ‘ನೋವಿದೆ. ಮುಳ್ಳಿರೋದಕ್ಕೇ ನೋವಿದೆ. ಮುಳ್ಳು ಹೋದರೆ ನೋವು ಹೋಗುತ್ತೆ. ಹೋಗೋ ದಾರಿ ಈ ಎಕ್ಕದ ಹಾಲು. ಕಾಲು ಕೊಡಪ್ಪ.’

‘ತಡಿಯಮ್ಮ, ಇದು ಹೇಗೆ ಚುಚ್ಚಿತು ಅಂತ ಹೇಳ್ತೀನಿ.’

‘ಅದು ಕಾಲಿಗೆ ಬೇಕಾಗಿಲ್ಲ. ಕಾಲು ಕೊಡು.’

ಹಾಲು ಬಿಟ್ಟಳು. ಮುಳ್ಳು ಮೇಲೆದ್ದಿತು. ಸೂಜಿಯಿಂದ ಎಬ್ಬಿಸಿ ಅಂಗೈಯಲ್ಲಿಟ್ಟಳು. ಜೀರಿಗೆಯಷ್ಟಿತ್ತು.

‘ಇಷ್ಟಕ್ಕೇನಾ ಇಷ್ಟು ಮೊಸರು?’ ಎಂದಳು ಹೆಂಡತಿ.

ಕಾಲು ವಾಸಿಯಾಯಿತು. ಆದರೆ ನೆಟ್ಟಗೆ ನಡೆಯುವವನನ್ನು ಯಾರು ಏನಾಯ್ತೆಂದು ಕೇಳುತ್ತಾರೆ? ಅವನು ಆ ಮುಳ್ಳನ್ನು ಪಂಚೆಯ ಸೊಂಟದಲ್ಲಿ ಕಟ್ಟಿಕೊಂಡ, ಕಂಡಕಂಡವರಿಗೆ ತೋರಿಸಲಿಕ್ಕೆ. ಕೂತಾಗಲೆಲ್ಲ ಅದು ಸೊಂಟಕ್ಕೆ ಚುಚ್ಚಿತು.

ಮುದುಕಿ ಒಂದು ಚೆಂಬು ಮಜ್ಜಿಗೆ ಕುಡಿದು ತನ್ನೂರಿಗೆ ಹೋದಳು. ಹೆಂಡತಿ ಗಟ್ಟಿ ಮೊಸರನ್ನು ಮತ್ತೆ ಕಡೆಯತೊಡಗಿದಳು. ಕತ್ತೆಯ ಬೆನ್ನು ಹಗುರಾಯಿತು. ಅವನೊಬ್ಬ ಮಾತ್ರ ಇವತ್ತಿಗೂ ‘ಅಯ್ಯಯ್ಯೋ’ ಅಂದುಕೊಂಡೇ ಕೂರುತ್ತಾನೆ.”

ಸುಮಿತ್ತ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದ! ಬಿಸಾಡಿದ್ದರೆ ಆಗಿತ್ತು.”

ಗುರುಗಳು ಕೇಳಿದರು: “ನಿಮ್ಮಣ್ಣ ಏನೋ ಅಂದನಲ್ಲಪ್ಪ, ಇನ್ನೊಂದು ಸಲ ಹೇಳು.”

ಸುಮಿತ್ತ ಬಾಯಿ ತೆರೆದ. ಹಾಗೇ ಮುಚ್ಚಿಕೊಂಡ.