ಕರಡಿ ಬೊಂಬೆಯ ಹೊಟ್ಟೆಯೊಳಗಿನ ಕೆಲಸ

ಮರಕುಟಿಗ ಗೆದ್ದಲನ್ನ ತಿನ್ನಲ್ಲ ಅಂತ ನಾನೆಲ್ಲಿ ಹೇಳಿದೆ? ತಿನ್ನುತ್ತೆ. ಬೆಳಿಗ್ಗೆ ತಿನ್ನುತ್ತೆ, ಮಧ್ಯಾಹ್ನ ತಿನ್ನುತ್ತೆ. ಕತೆ ಶುರುವಾಗೋಕೆ ಮುಂಚೆ ಮಧ್ಯೆ ಬಾಯಿ ಹಾಕಬೇಡಿ ಮಕ್ಕಳೇ. ತಿನ್ನುತ್ತೆ ಅಂತಲೇ ಇದು ಕತೆ ಆಗಿದ್ದು.

ಕಲ್ಲುಗುಡ್ಡದ ಕೆಳಗಿನ ಕಾಡಲ್ಲಿ ಕೊಟ್ರಪ್ಪ ಅನ್ನೋ ಮರಕುಟಿಗ, ನಿಂಗವ್ವ ಅನ್ನೋ ಗೆದ್ದಲು ಇದ್ರು. ಇಬ್ಬರೂ ಕಲಾವಿದರು. ಕೊಟ್ರಪ್ಪ ಮರವನ್ನ ಹೊರಗಿಂದ ಕೆತ್ತುತ್ತಿದ್ದ, ನಿಂಗವ್ವ ಒಳಗಿಂದ ಕೊರೀತಿದ್ದಳು. ಅವಳು ಕೆಲಸ ಮಾಡ್ತಾ ತಿಂತಾಳೋ, ತಿಂತಾ ಕೆಲಸ ಮಾಡ್ತಾಳೋ ಅನ್ನೋದು ಅವಳ ಮನೆಯವರಿಗೂ ಗೊತ್ತಿರಲಿಲ್ಲ.

ಒಂದು ದಿನ ಕರಡಿ ಜಂಬಣ್ಣ ಬಂದು, ಒಣಗಿ ನಿಂತಿದ್ದ ಬೂರುಗದ ಬೊಡ್ಡೇಲಿ ತನ್ನದೊಂದು ಬೊಂಬೆ ಮಾಡಿಕೊಡು ಅಂತ ಕೊಟ್ರಪ್ಪನಿಗೆ ಹೇಳಿದ. ಕಿವಿ, ಮೂಗು, ಬಾಯಿ ಒಳಗಿನ ನಯದ ಕೆಲಸಕ್ಕೆ ಕೊಟ್ರಪ್ಪನ ಕೊಕ್ಕು ಹೋಗ್ತಿರಲಿಲ್ಲ. ನಿಂಗವ್ವನ್ನ ಕರೆದ. ಅವಳು ದೂರದಲ್ಲೇ ನಿಂತು, ತನ್ನ ಜೀವದ ಗತಿ ಏನು ಅಂತ ಕೇಳಿದಳು.

"ಕೆಲಸ ಮುಗಿಯೋವರೆಗೂ ನಿನ್ನ ಮುಟ್ಟಲ್ಲ ನಿಂಗಕ್ಕ," ಅಂದ ಕೊಟ್ರಪ್ಪ. ದೊಡ್ಡ ಉಪಕಾರ ಮಾಡಿದವನ ಹಾಗೆ ಕತ್ತು ಎತ್ತಿದ.

ನಿಂಗವ್ವ ಆ ಮಾತನ್ನ ಸರಿಯಾಗಿ ಕೇಳಿಸಿಕೊಂಡಳು. ಮುಗಿಯೋವರೆಗೂ.

ಕೊಟ್ರಪ್ಪನ ಹೊರಗಿನ ಕೆತ್ತನೆ ಬೇಗ ಮುಗೀತು. ಅವನು ಕೂಗಿ ಕೇಳಿದಾಗೆಲ್ಲ ಇನ್ನೂ ಚೂರು ಬಾಕಿ ಇದೆ ಅಂತ ಒಳಗಿಂದ ಉತ್ತರ ಬರ್ತಿತ್ತು. ಬಾಯಿ ಮುಗಿಸಿದ ನಿಂಗವ್ವ ಗಂಟಲಿಗೆ ಇಳಿದಳು, ಗಂಟಲು ಮುಗಿಸಿ ಎದೆಗೆ, ಎದೆ ಮುಗಿಸಿ ಹೊಟ್ಟೆಗೆ. ಕೊಟ್ರಪ್ಪ ಒಂದು ದಿನಾನೂ ಇಣುಕಿ ನೋಡಲಿಲ್ಲ. ತಾನು ಕೆತ್ತಿದ ಹುಬ್ಬು ನೋಡೋದರಲ್ಲೇ ಅವನ ಹೊತ್ತು ಹೋಗ್ತಿತ್ತು.

ಜಂಬಣ್ಣ ನೋಡೋಕೆ ಬಂದ. ಕಾಡೆಲ್ಲ ಸೇರಿತ್ತು. ಖುಷಿ ತಡೆಯಲಾರದೆ ಬೊಂಬೆಯನ್ನ ತಬ್ಬಿಕೊಂಡ. ಕೈ ಮೊಣಕೈವರೆಗೂ ಬೊಂಬೆಯ ಹೊಟ್ಟೆಯೊಳಗೆ ಹೋಯ್ತು.

ಕೊಂಬೆ ಮೇಲಿದ್ದ ಮುಸುವದ ಕೈಯಿಂದ ಹಣ್ಣು ಜಾರಿ ಆಮೆಯ ತಲೆ ಮೇಲೆ ಬಿತ್ತು. ಆಮೆ ತಲೆ ಒಳಗೆ ಎಳ್ಕೊಳ್ಳೋದನ್ನೇ ಮರೆತಿತ್ತು. ಜಂಬಣ್ಣ ಮೆಲ್ಲಗೆ ತನ್ನ ಸ್ವಂತ ಹೊಟ್ಟೆ ಮುಟ್ಟಿ ನೋಡಿಕೊಂಡ.

ಬೊಂಬೆಯ ತೂತಲ್ಲಿ ನಿಂಗವ್ವ ಕಂಡಳು.

"ಮುಗೀತಲ್ಲ ಕೆಲಸ," ಅಂದ ಕೊಟ್ರಪ್ಪ, ಕೊಕ್ಕು ಬೀಸಿದ. ಅವಳು ಸರಕ್ಕನೆ ಒಳಗೆ ಸರಿದಳು. ಕೊಕ್ಕು ಬೊಂಬೆಯ ಎದೆಗೆ ಬಿತ್ತು.

ಧುಂ.

ಕೊಟ್ರಪ್ಪ ಹುಟ್ಟಿದಾಗಿಂದ ಮರ ಕುಟ್ಟಿದವನು. ಟಕ್ ಅನ್ನೋದು ಬಿಟ್ಟರೆ ಬೇರೆ ಸದ್ದು ಕೇಳಿರಲಿಲ್ಲ. ಕೋಪ ಎಲ್ಲಿಗೆ ಹೋಯ್ತೋ, ಬೆಪ್ಪಾಗಿ ಮತ್ತೆ ಕುಟ್ಟಿದ. ಮತ್ತೆ ಧುಂ.

ಒಳಗಿಂದ ಸಣ್ಣ ದನಿ ಬಂತು. "ಕೊಟ್ರಣ್ಣ, ಗಂಟಲ ಹತ್ರ ತೆಳ್ಳಗೆ ಮಾಡಿದ್ದೀನಿ. ಅಲ್ಲಿ ಕುಟ್ಟು ನೋಡೋಣ."

ಧೀಂ.

"ಇನ್ನೊಂಚೂರು ತೆಳ್ಳಗೆ ಮಾಡ್ತೀಯಾ ನಿಂಗಕ್ಕ?"

ಮಾಡಿದಳು. ಇವನು ಕುಟ್ಟೋದು, ಅವಳು ಕೊರೆಯೋದು, ಆಮೇಲೆ ಇಬ್ಬರೂ ಕಿವಿಗೊಟ್ಟು ನಗೋದು. ಸಂಜೆಯಾದರೂ ಕೊಟ್ರಪ್ಪನಿಗೆ ಊಟದ ನೆನಪಾಗಲಿಲ್ಲ. ನಿಂಗವ್ವನ ಊಟ ಹೇಗೂ ನಡೀತಿತ್ತು.

ಜಂಬಣ್ಣ ಬೊಂಬೆಯ ಎದೆಗೆ ಕಿವಿಯಿಟ್ಟು ಕೇಳಿ, "ಹೊಟ್ಟೆ ನಂದಲ್ಲ. ದನಿ ಮಾತ್ರ ನಂದೇ," ಅಂದ.

ಆ ಕೆಲಸ ಇವತ್ತಿಗೂ ಮುಗಿದಿಲ್ಲ. ಮುಗಿಸೋ ಅವಸರ ಇಬ್ಬರಿಗೂ ಇಲ್ಲ.

ನೀತಿ: ಜೊತೆಗಾರರನ್ನ ಹೆದರಿಸಿ ಕೆಲಸ ಮಾಡಿಸಿದರೆ ಕೆಲಸ ಟೊಳ್ಳಾಗುತ್ತೆ, ಕೂಡಿ ಕಿವಿಗೊಟ್ಟರೆ ಆ ಟೊಳ್ಳಲ್ಲೂ ಸಂಗೀತ ಹುಟ್ಟುತ್ತೆ.

ಕತೆ ಮುಗಿಸಿ ಮನೆಯೊಳಗೆ ಹೋದೆ. "ಎಲ್ಲಾ ಕೇಳಿಸ್ತು," ಅಂದಳು ನನ್ನ ಹೆಂಡತಿ. "ಆ ಮುಂಬಾಗಿಲ ಚೌಕಟ್ಟನ್ನ ಒಂದ್ಸಲ ತಟ್ಟಿ ನೋಡಿ. ನಿಂಗವ್ವ ನಮ್ಮನೆಗೆ ಬಂದು ಮೂರು ತಿಂಗಳಾಯ್ತು."